ಮೋಕ್ಷವೂ ರಕ್ಷಣೆಯೂ

ಕೊಪ್ಪ ತಾಲ್ಲೂಕಿನ ಬಸರೀಕಟ್ಟೆಯು ತುಂಗಾ ಭದ್ರಾ ನದಿಗಳ ನಡುವಣ ಮಲೆನಾಡಿನ ಒಂದು ಚಿಕ್ಕ ಊರು. ಅಲ್ಲಿಂದ ಪಡುವಣಕ್ಕೆ ಹೋದರೆ ತುಂಗೆಯ ದಡದಲ್ಲಿ ಶೃಂಗೇರಿಯ ಶಾರದಾಪೀಠ; ಮೂಡಣಕ್ಕೆ ಹೋದರೆ ಭದ್ರೆಯ ದಡದಲ್ಲಿ ಬಾಳೆಹೊನ್ನೂರಿನ ರಂಭಾಪುರಿ ಪೀಠ; ಈಶಾನ್ಯಕ್ಕೆ ನರಸಿಂಹರಾಜಪುರದ ಬಳಿ, ಜ್ವಾಲಾಮಾಲಿನೀ ದೇವಿಯ ಸನ್ನಿಧಿಯುಳ್ಳ ಸಿಂಹನಗದ್ದೆಯ ಜೈನಮಠ. ಕಾಫಿಯ ತೋಟಗಳು ಹಬ್ಬಿದ ಮೇಲೆ ಘಟ್ಟದ ಕೆಳಗಿನಿಂದ ಬಂದ ಕೊಂಕಣಿ ಕ್ರೈಸ್ತರೂ, ತರುವಾಯ ಕೇರಳದಿಂದ ಬಂದ ಸಿರಿಯನ್ ಕ್ರೈಸ್ತರೂ ಇದೇ ಸೀಮೆಯಲ್ಲಿ ತಮ್ಮ ದೇವಾಲಯಗಳನ್ನು ಕಟ್ಟಿಕೊಂಡರು. ಒಂದೇ ಸಂತೆಗೆ ಬರುವ ಈ ಜನರೆಲ್ಲರೂ ಕಡೆಗೆ ಸೇರಬೇಕಾದ ಸ್ಥಾನದ ವಿಷಯದಲ್ಲಿ ಮಾತ್ರ ಬೇರೆ ಬೇರೆ ದಾರಿಗಳನ್ನು ಹಿಡಿದವರು. “ಎಲ್ಲರೂ ಹೇಳುವುದು ಒಂದೇ” ಎಂದು ಮನೆಯ ಜಗಲಿಯಲ್ಲಿ ಹೇಳುವುದುಂಟು. ಅದು ಸೌಜನ್ಯದ ಮಾತು; ವಿಚಾರದ ಮಾತಲ್ಲ. ಜೀವನನ್ನು ಕಟ್ಟಿರುವುದು ಯಾವುದು, ಆ ಕಟ್ಟನ್ನು ಬಿಚ್ಚುವವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಕೇಳಿದೊಡನೆ ಉತ್ತರಗಳು ಬೇರೆಯಾಗುತ್ತವೆ.

ಶೃಂಗೇರಿಯ ಪರಂಪರೆಯಲ್ಲಿ ಕಟ್ಟು ಎಂಬುದು ಅವಿದ್ಯೆ. ಹಗ್ಗವನ್ನು ಹಾವೆಂದು ಬೆದರಿದವನಿಗೆ ದೀಪ ತಂದರೆ ಹೊಸ ವಸ್ತುವೇನೂ ದೊರೆಯುವುದಿಲ್ಲ; ಇದ್ದುದೇ ತಿಳಿಯುತ್ತದೆ. ಮೋಕ್ಷವೂ ಹಾಗೆಯೇ ನಿತ್ಯಸಿದ್ಧವಾದುದು; ಜ್ಞಾನೋದಯವಾದವನು ಬದುಕಿರುವಾಗಲೇ ಮುಕ್ತನು. ಹದಿನಾಲ್ಕನೆಯ ಶತಮಾನದಲ್ಲಿ ಆ ಪೀಠವನ್ನಲಂಕರಿಸಿದ ವಿದ್ಯಾರಣ್ಯರು ‘ಜೀವನ್ಮುಕ್ತಿವಿವೇಕ’ವನ್ನು ರಚಿಸಿದುದು ಈ ಸ್ಥಿತಿಯ ವಿಚಾರಕ್ಕಾಗಿಯೇ. ಸಿಂಹನಗದ್ದೆಯ ಜೈನರಿಗೆ ಕರ್ಮವೆಂಬುದು ಜೀವಕ್ಕೆ ಅಂಟಿಕೊಳ್ಳುವ ಸೂಕ್ಷ್ಮದ್ರವ್ಯ. ಹೊಸದು ಒಳಬಾರದಂತೆ ತಡೆಯುವುದು ಸಂವರ, ಹಳೆಯದನ್ನು ತಪಸ್ಸಿನಿಂದ ಉದುರಿಸುವುದು ನಿರ್ಜರೆ. ಜಿನನು ದಾರಿಯನ್ನು ತೋರಿದವನೇ ಹೊರತು ಮೋಕ್ಷವನ್ನು ಕೊಡುವವನಲ್ಲ. ಬೇಡಿದರೆ ಕೊಡುವ ಪ್ರಭುವೇ ಅಲ್ಲಿಲ್ಲ. ಬಾಳೆಹೊನ್ನೂರಿನ ವೀರಶೈವರಲ್ಲಿ ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಆರು ಮೆಟ್ಟಿಲುಗಳು. ಗುರುಕಾರುಣ್ಯವಿಲ್ಲದೆ ಮೊದಲ ಮೆಟ್ಟಿಲೂ ಇಲ್ಲ, ಕಡೆಯದರಲ್ಲಿ ಅಂಗ ಲಿಂಗಗಳ ಭೇದವೂ ಇಲ್ಲ.

ಕ್ರೈಸ್ತಮತದಲ್ಲಿ ಕಟ್ಟು ಅಜ್ಞಾನವೂ ಅಲ್ಲ, ಅಂಟಿದ ಧೂಳೂ ಅಲ್ಲ. ಅದು ಪಾಪ, ಎಂದರೆ ಸೃಷ್ಟಿಕರ್ತನಿಗೂ ಮನುಷ್ಯನಿಗೂ ಇದ್ದ ಸಂಬಂಧದ ಮುರಿವು. ಮುರಿದವನೇ ಅದನ್ನು ಕೂಡಿಸಲಾರನು. ಆದುದರಿಂದ ದೇವರೇ ಇಳಿದುಬಂದು, ರೋಮನರ ಅಧಿಕಾರಿಯಾದ ಪಿಲಾತನ ಕಾಲದಲ್ಲಿ, ಯೆರೂಸಲೇಮಿನ ಹೊರಗೆ, ಶಿಲುಬೆಯ ಮೇಲೆ ಅದರ ಬೆಲೆಯನ್ನು ತೆತ್ತನೆಂದು ಕ್ರೈಸ್ತರ ನಂಬಿಕೆ. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ ಈ ಬಿಡುಗಡೆಗೆ ಒಂದು ತಿಥಿಯೂ ಒಂದು ಸ್ಥಳವೂ ಉಂಟು. ಅದ್ವೈತಿಯ ಮೋಕ್ಷಕ್ಕೆ ಅದು ಬೇಡ. ಯಾವ ಅರಸನ ಕಾಲದಲ್ಲಾದರೂ ಹಗ್ಗವು ಹಗ್ಗವೇ. ಇದಲ್ಲದೆ ಕ್ರೈಸ್ತನಿಗೆ ಜನ್ಮವೊಂದೇ. ಕಡೆಯಲ್ಲಿ ಆತನು ನಿರೀಕ್ಷಿಸುವುದು ದೇಹದಿಂದ ಬಿಡುಗಡೆಯನ್ನಲ್ಲ, ದೇಹದ ಪುನರುತ್ಥಾನವನ್ನು. ಪುನರ್ಜನ್ಮದ ಭಯದಲ್ಲಿ ಬೆಳೆದ ಕಿವಿಗೆ ಇದು ವಿಚಿತ್ರವಾಗಿ ಕೇಳಿಸಿದುದರಲ್ಲಿ ಆಶ್ಚರ್ಯವಿಲ್ಲ.

ಈ ಮಾತನ್ನು ನಮ್ಮ ನಾಡಿನ ಭಾಷೆಗಳಲ್ಲಿ ಹೇಳಹೊರಟವರಿಗೆ ಮೊದಲು ಎದುರಾದ ತೊಡಕು ಶಬ್ದದ್ದು. ಗೋವೆಯ ಪ್ರಾಂತದಲ್ಲಿದ್ದ ಜೆಸ್ವಿಟ್ ಪಾದ್ರಿ ತಾಮಸ್ ಸ್ಟೀಫನ್ಸನು 1616ರಲ್ಲಿ ಅಚ್ಚಾದ ತನ್ನ ಮರಾಠೀ ‘ಕ್ರಿಸ್ತಪುರಾಣ’ದಲ್ಲಿ ಸ್ವರ್ಗಕ್ಕೆ ವೈಕುಂಠವೆಂಬ ಹೆಸರನ್ನೇ ಬಳಸಿದನು. ಗೋವೆಯಿಂದ ಬಂದು ಕನ್ನಡ ಜಿಲ್ಲೆಯಲ್ಲಿ ನೆಲಸಿ, ಅಲ್ಲಿಂದ ಘಟ್ಟವನ್ನೇರಿದ ಕೊಂಕಣಿ ಕ್ರೈಸ್ತರು ಯೇಸುವನ್ನು ‘ಸೊಡ್ವಣ್ದಾರ್’ ಎನ್ನುತ್ತಾರೆ. ಬಿಡಿಸುವವನು ಎಂದು ಅದರರ್ಥ. ಕನ್ನಡದಲ್ಲಿ ಬೇರೆಯಾಯಿತು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸನಿಂದ ಮೊದಲುಗೊಂಡು ಬಾಸೆಲ್ ಮಿಷನ್ನಿನವರ ಪರಿಷ್ಕರಣಗಳ ಮೂಲಕ ಬೆಳೆದ ಕನ್ನಡ ಸತ್ಯವೇದದಲ್ಲಿ ನೆಲೆನಿಂತ ಶಬ್ದ ‘ರಕ್ಷಣೆ’. ಮೋಕ್ಷವೆಂದರೆ ಕಟ್ಟು ಕಳಚುವುದು; ಕಳಚುವವನು ತಾನೇ ಆಗಿರಬಹುದು. ರಕ್ಷಣೆಯೆಂದರೆ ರಕ್ಷಿಸುವವನು ಇನ್ನೊಬ್ಬನು ಇರಲೇಬೇಕು. ಹಾಗೆಂದು ಮೋಕ್ಷದ ಧಾತುವನ್ನು ಅವರು ತೀರ ಬಿಡಲಿಲ್ಲ. ಇಸ್ರಾಯೇಲರು ಐಗುಪ್ತದ ದಾಸ್ಯದಿಂದ ಹೊರಟುಬಂದ ಕಥೆಯುಳ್ಳ ಗ್ರಂಥಕ್ಕೆ ‘ವಿಮೋಚನಕಾಂಡ’ವೆಂದು ಹೆಸರಾಯಿತು. ಅಲ್ಲಿ ಕಳಚಿದುದು ಸಂಸಾರವಲ್ಲ, ಫರೋಹನ ಇಟ್ಟಿಗೆಯ ಬಿಟ್ಟಿ. ಬಿಡುಗಡೆಯಾದುದು ಒಬ್ಬ ಜೀವನಿಗಲ್ಲ, ಒಂದು ಕುಲಕ್ಕೆ.

ಇನ್ನೊಬ್ಬನ ಕೃಪೆಯಿಂದಲೇ ಬಿಡುಗಡೆಯೆಂಬ ಭಾವನೆ ಕ್ರೈಸ್ತರಿಗೆ ಮಾತ್ರ ಮೀಸಲೆಂದು ತಿಳಿದ ಪಂಡಿತರಿಗೆ ಉಡುಪಿಯ ಮಧ್ವಾಚಾರ್ಯರು ಒಂದು ಒಗಟಾದರು. ವಿಷ್ಣುಪ್ರಸಾದವಿಲ್ಲದೆ ಮೋಕ್ಷವಿಲ್ಲ, ವಾಯುದೇವರ ಮೂಲಕವಲ್ಲದೆ ಆ ಪ್ರಸಾದವಿಲ್ಲ, ಕೆಲವರಿಗೆ ನಿತ್ಯನರಕ: ಇವನ್ನು ಕಂಡು ಗ್ರಿಯರ್ಸನನಂಥ ವಿದ್ವಾಂಸನು ಇದರಲ್ಲಿ ಕ್ರೈಸ್ತರ ಪ್ರಭಾವವನ್ನು ಊಹಿಸಿದನು. ಆರನೆಯ ಶತಮಾನದ ಕಾಸ್ಮಾಸನೆಂಬ ಪ್ರವಾಸಿಯು ‘ಕಲ್ಲಿಯಾನ’ದಲ್ಲಿ ಬಿಷಪ್ಪನೊಬ್ಬನಿದ್ದನೆಂದು ಬರೆದಿರುವನು, ಅದು ಉಡುಪಿಯ ಬಳಿಯ ಕಲ್ಯಾಣಪುರವೆಂಬುದೇ ಈ ಊಹೆಗೆ ಆಧಾರ. ಆದರೆ ಆ ಊರು ಮುಂಬಯಿಯ ಬಳಿಯ ಕಲ್ಯಾಣವೆಂದು ಹೇಳುವವರೇ ಹೆಚ್ಚು. ಊರಿನ ಮಾತು ಹಾಗಿರಲಿ. ಮಧ್ವಸಿದ್ಧಾಂತದಲ್ಲಿ ಜೀವರ ಯೋಗ್ಯತೆ ಅನಾದಿಯಾದುದು, ಮುಕ್ತರ ಆನಂದದಲ್ಲಿಯೂ ತಾರತಮ್ಯವುಂಟು, ತಮೋಯೋಗ್ಯನು ಎಂದಿಗೂ ಮುಕ್ತನಾಗನು. ಎಂತಹ ಪಾಪಿಯೂ ಕರೆಗೆ ಓಗೊಟ್ಟರೆ ಉಳಿದಾನೆಂಬ ಕ್ರೈಸ್ತಬೋಧೆಗೆ ಇದು ನೇರ ವಿರುದ್ಧ. ಸಾಲ ತಂದವನು ಮುಖ್ಯವಾದುದನ್ನೇ ಬಿಟ್ಟು ತಂದನೆಂದರೆ ನಂಬುವುದು ಕಷ್ಟ.

ಶ್ರೀವೈಷ್ಣವರಲ್ಲಿ ಸಾಮ್ಯವು ಇನ್ನೂ ಹತ್ತಿರದ್ದು. ಮರ್ಕಟನ್ಯಾಯದವರು ತಾಯಿಯನ್ನು ಹಿಡಿದುಕೊಳ್ಳುವ ಶ್ರಮ ಮರಿಯದೆಂದರೆ, ಮಾರ್ಜಾಲನ್ಯಾಯದವರು ಬೆಕ್ಕೇ ಮರಿಯನ್ನು ಕಚ್ಚಿ ಒಯ್ಯುತ್ತದೆಂದರು. ಯೂರೋಪಿನಲ್ಲಿ ಲೂಥರನಿಗೂ 1547ರ ಟ್ರೆಂಟ್ ಸಭೆಗೂ ನಡೆದ ವಾದವು ಬಹುಮಟ್ಟಿಗೆ ಇದೇ. ಜರ್ಮನಿಯ ರುಡಾಲ್ಫ್ ಆಟೋ 1930ರಲ್ಲಿ ಈ ಹೋಲಿಕೆಯ ಮೇಲೆ ಒಂದು ಗ್ರಂಥವನ್ನೇ ಬರೆದನು. ಆ ಯೂರೋಪಿನ ಜಗಳವು ತಕ್ಕಮಟ್ಟಿಗೆ ಇತ್ಯರ್ಥವಾದುದು 1999ರಲ್ಲಿ, ಆಗ್ಸ್‌ಬರ್ಗಿನ ಜಂಟಿ ಘೋಷಣೆಯಿಂದ.

ಇದೆಲ್ಲ ಗ್ರಂಥದ ವಿಚಾರ. ಮನೆಯ ಹೊಸ್ತಿಲಿಗೆ ಇದು ಬಂದುದು 1844ರಲ್ಲಿ, ಮಂಗಳೂರಿನಲ್ಲಿ. ಸಾರಸ್ವತ ಬ್ರಾಹ್ಮಣ ತರುಣನಾದ ಆನಂದರಾವ್ ಕೌಂಡಿನ್ಯನು ಹರ್ಮನ್ ಮೊಗ್ಲಿಂಗನ ಬೋಧೆಯಿಂದ ದೀಕ್ಷಾಸ್ನಾನ ಹೊಂದಿದಾಗ ಊರು ಕುದಿದೆದ್ದಿತು. ಮೋಕ್ಷವನ್ನು ಹುಡುಕಿ ಸಂನ್ಯಾಸಿಯಾಗಿ ಹೊರಟಿದ್ದರೆ ತಂದೆತಾಯಿಗಳು ಅತ್ತರೂ ಕುಲವು ಕೈಮುಗಿಯುತ್ತಿತ್ತು. ರಕ್ಷಣೆಯನ್ನು ಹುಡುಕಿ ಹೋದವನಿಗೆ ಮನೆ, ಜಾತಿ, ಪಂಕ್ತಿ ಎಲ್ಲವೂ ತಪ್ಪಿದುವು. ಮತಾಂತರ ಹೊಂದಿದವನ ದಾಯಹಕ್ಕನ್ನು ಉಳಿಸುವ ಶಾಸನ ಬಂದುದು 1850ರಲ್ಲಿ. ಕೌಂಡಿನ್ಯನು ಬಾಸೆಲಿಗೆ ಹೋಗಿ ಓದಿ 1851ರಲ್ಲಿ ಪಾದ್ರಿಯಾಗಿ ಹಿಂದಿರುಗಿದನು. ಹೀಗೆ ಕುಲ ತಪ್ಪಿದವರಿಗೆ ಜೀವನೋಪಾಯವನ್ನು ಕಲ್ಪಿಸಬೇಕಾಗಿ ಮಿಷನ್ನಿನವರು ನೆಯ್ಗೆಯನ್ನೂ, 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದರು. ಮಲೆನಾಡಿನ ಮನೆಗಳ ಮೇಲಿನ ಮಂಗಳೂರು ಹೆಂಚಿಗೂ ರಕ್ಷಣೆಯ ವಿಚಾರಕ್ಕೂ ಇಷ್ಟರ ಮಟ್ಟಿಗೆ ನಂಟುಂಟು.

ಫರ್ಡಿನೆಂಡ್ ಕಿಟ್ಟೆಲನು ಬೇರೆ ಹಾದಿಯನ್ನು ತುಳಿದನು. 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ ಹಾಡಿದ ಆತನು, 1872ರ ‘ಯಜ್ಞಸುಧಾನಿಧಿ’ಯಲ್ಲಿ ವೇದದ ಯಜ್ಞವನ್ನೇ ಹಿಡಿದು ಕ್ರಿಸ್ತಬಲಿಯ ವಿಚಾರಕ್ಕೆ ಬಂದನು. ಖಂಡನೆಗಿಂತ ಇದು ಮೇಲಾದ ರೀತಿಯೆಂಬುದರಲ್ಲಿ ಸಂದೇಹವಿಲ್ಲ. ಆದರೂ ಯಜ್ಞವನ್ನು ತನ್ನ ಮತದ ಮುನ್ನುಡಿಯನ್ನಾಗಿ ಮಾಡಿದುದನ್ನು ವೈದಿಕನು ಒಪ್ಪಲಾರನು.

ರೋಮಿನ ಸಭೆಯು 1964ರಲ್ಲಿ, ತನ್ನ ದೋಷವಿಲ್ಲದೆ ಕ್ರಿಸ್ತನನ್ನರಿಯದೆ ಪ್ರಾಮಾಣಿಕವಾಗಿ ದೇವರನ್ನರಸುವವರೂ ರಕ್ಷಣೆಯನ್ನು ಹೊಂದಬಹುದೆಂದು ಸಾರಿತು. ಇದು ಹೃದಯವೈಶಾಲ್ಯದ ಮಾತೇ ಸರಿ. ಸಗುಣೋಪಾಸನೆಯು ಬ್ರಹ್ಮಜ್ಞಾನಕ್ಕೆ ಮೆಟ್ಟಿಲಾದುದರಿಂದ ಕ್ರೈಸ್ತನೂ ಕಡೆಗೆ ಅಲ್ಲಿಗೆ ಬರುವನೆಂದು ಅದ್ವೈತಿಯು ಹೇಳುವುದೂ ಅಂತಹುದೇ. ಇಬ್ಬರೂ ನೆರೆಯವನನ್ನು ಆದರದಿಂದ ಒಳಕ್ಕೆ ಕರೆಯುತ್ತಾರೆ. ಕರೆಯುವುದು ಮಾತ್ರ ತಂತಮ್ಮ ಮನೆಗೆ. ಸಿಂಹನಗದ್ದೆಯ ಶ್ರಾವಕನಿಗೆ ಈ ಎರಡು ಆಮಂತ್ರಣಗಳೂ ಬೇಡ; ಉದುರಿಸಬೇಕಾದ ಕರ್ಮ ಅವನದು, ಉದುರಿಸುವವನೂ ಅವನೇ.