ಕಿತ್ತಳೆ ಪಟ್ಟಿಯ ಡ್ರಮ್ಮುಗಳು: ಸೈನಿಕರ ಮನೆಯವರೆಗೆ ಬಂದ ವಿಷ



ಪಠ್ಯಪುಸ್ತಕದಲ್ಲಿ ಪ್ರತಿಯೊಂದು ಯುದ್ಧಕ್ಕೂ ಒಂದು ಆರಂಭದ ಇಸವಿ, ಒಂದು ಮುಕ್ತಾಯದ ಇಸವಿ ಇರುತ್ತದೆ. ವಿಯೆಟ್ನಾಂ ಯುದ್ಧ 1975ರಲ್ಲಿ ಮುಗಿಯಿತು ಎಂದು ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ. ಆದರೆ ಆ ಯುದ್ಧದಲ್ಲಿ ಆಕಾಶದಿಂದ ಸಿಂಪಡಿಸಿದ ವಿಷದ ಲೆಕ್ಕ ಇಂದಿಗೂ ಚುಕ್ತಾ ಆಗಿಲ್ಲ. ಯುದ್ಧ ಮುಗಿಸಿ ಮನೆಗೆ ಬಂದ ಸೈನಿಕರ ಸಂಸಾರಗಳಲ್ಲಿ ಅದು ಎಬ್ಬಿಸಿದ ಪ್ರಶ್ನೆಗಳ ಕಡೆಗೆ ನಿಮ್ಮ ಗಮನ ಸೆಳೆಯುವುದು ಈ ಲೇಖನದ ಉದ್ದೇಶ.

ಕಾಡಿನ ಮೇಲೆ ಸುರಿದ ಔಷಧಿ

ದಟ್ಟ ಕಾಡಿನಲ್ಲಿ ಅಡಗಿ ಹೋರಾಡುವ ಶತ್ರುವನ್ನು ಹೊರಗೆಳೆಯಲು ಕಾಡನ್ನೇ ಒಣಗಿಸುವುದು ಅಮೆರಿಕದ ಸೇನೆ ಕಂಡುಕೊಂಡ ಉಪಾಯ. 1962ರಿಂದ 1971ರವರೆಗೆ ‘ಆಪರೇಷನ್ ರಾಂಚ್ ಹ್ಯಾಂಡ್’ ಎಂಬ ಹೆಸರಿನಲ್ಲಿ ದಕ್ಷಿಣ ವಿಯೆಟ್ನಾಂನ ಕಾಡು, ಹೊಳೆದಂಡೆ, ಬೆಳೆಯ ಗದ್ದೆಗಳ ಮೇಲೆ ವಿಮಾನಗಳಿಂದ ಕಳೆನಾಶಕ ಸುರಿಯಲಾಯಿತು. ಒಟ್ಟು ಪ್ರಮಾಣ 7 ಕೋಟಿ ಲೀಟರಿಗೂ ಹೆಚ್ಚು. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ‘ಏಜೆಂಟ್ ಆರೆಂಜ್’. ದ್ರಾವಣದ ಬಣ್ಣ ಕಿತ್ತಳೆಯಲ್ಲ. ಅದನ್ನು ತುಂಬಿದ ಡ್ರಮ್ಮಿನ ಸುತ್ತ ಬಳಿದ ಪಟ್ಟಿಯ ಬಣ್ಣ ಕಿತ್ತಳೆ.

2,4-ಡಿ ಮತ್ತು 2,4,5-ಟಿ ಎಂಬ ಎರಡು ಕಳೆನಾಶಕಗಳ ಮಿಶ್ರಣ ಇದು. ಎರಡನೆಯದನ್ನು ತಯಾರಿಸುವಾಗ ಶಾಖ ಮಿತಿಮೀರಿದರೆ ಡಯಾಕ್ಸಿನ್ ಎಂಬ ಘೋರ ವಿಷ ಕಲಬೆರಕೆಯಾಗಿ ಹುಟ್ಟುತ್ತದೆ. ದೇಹಕ್ಕೆ ಸೇರಿದ ಡಯಾಕ್ಸಿನ್ ಕೊಬ್ಬಿನಲ್ಲಿ ಮನೆ ಮಾಡುತ್ತದೆ. ಅದರ ಅರ್ಧದಷ್ಟು ಹೊರಹೋಗಬೇಕಾದರೂ 7ರಿಂದ 11 ವರ್ಷ ಬೇಕು. 2,4,5-ಟಿ ಕೊಟ್ಟ ಇಲಿಗಳಿಗೆ ವಿಕಲಾಂಗ ಮರಿಗಳು ಹುಟ್ಟಿದ ಸಂಗತಿ 1969ರಲ್ಲಿ ಬಯಲಾಯಿತು. 1970ರಲ್ಲಿ ಅಮೆರಿಕದ ಸೇನೆ ಏಜೆಂಟ್ ಆರೆಂಜಿನ ಬಳಕೆಯನ್ನು ಸ್ಥಗಿತಗೊಳಿಸಿತು. ಅಷ್ಟರಲ್ಲಿ ಬಹುಪಾಲು ಡ್ರಮ್ಮುಗಳು ಖಾಲಿಯಾಗಿದ್ದವು.

ಒಬ್ಬ ನೌಕರಳು ಬರೆದಿಟ್ಟ ಪಟ್ಟಿ

ಮನೆಗೆ ಮರಳಿದ ಅಮೆರಿಕನ್ ಸೈನಿಕರಲ್ಲಿ ಕೆಲವರಿಗೆ ಚರ್ಮರೋಗ, ಕೆಲವರಿಗೆ ಚಿಕ್ಕ ವಯಸ್ಸಿನಲ್ಲೇ ಕ್ಯಾನ್ಸರ್. ಇನ್ನು ಕೆಲವರ ಪತ್ನಿಯರಿಗೆ ಮತ್ತೆ ಮತ್ತೆ ಗರ್ಭಪಾತ, ಇಲ್ಲವೇ ಹುಟ್ಟಿದ ಮಗುವಿಗೆ ಅಂಗವೈಕಲ್ಯ. ಪ್ರತಿ ಕುಟುಂಬವೂ ಇದು ತಮ್ಮೊಬ್ಬರ ದುರದೃಷ್ಟ ಎಂದೇ ಭಾವಿಸಿತ್ತು.

1977ರಲ್ಲಿ ಷಿಕಾಗೋದ ಮಾಜಿ ಸೈನಿಕರ ಕಲ್ಯಾಣ ಕಚೇರಿಯಲ್ಲಿ ಮಾಡ್ ಡಿವಿಕ್ಟರ್ ಎಂಬ ಮಹಿಳೆ ಕೆಲಸ ಮಾಡುತ್ತಿದ್ದರು. ತನ್ನ ಗಂಡನ ಕ್ಯಾನ್ಸರಿಗೆ ವಿಯೆಟ್ನಾಂನಲ್ಲಿ ಸಿಂಪಡಿಸಿದ ರಾಸಾಯನಿಕವೇ ಕಾರಣ ಎಂದು ಸೈನಿಕನೊಬ್ಬನ ಪತ್ನಿ ಅವರ ಬಳಿ ಹೇಳಿಕೊಂಡಳು. ಡಿವಿಕ್ಟರ್ ಆ ಮಾತನ್ನು ತಳ್ಳಿಹಾಕಲಿಲ್ಲ. ಬೇರೆ ಸೈನಿಕರನ್ನೂ ವಿಚಾರಿಸಿ, ಅವರ ಕಾಯಿಲೆ, ಮಕ್ಕಳ ಸ್ಥಿತಿ ಎಲ್ಲವನ್ನೂ ಒಂದೊಂದಾಗಿ ಬರೆದಿಡತೊಡಗಿದರು. ಆ ಪಟ್ಟಿಯ ಆಧಾರದಿಂದ 1978ರಲ್ಲಿ ಷಿಕಾಗೋದ ದೂರದರ್ಶನ ಕೇಂದ್ರವೊಂದು ಸಾಕ್ಷ್ಯಚಿತ್ರ ಪ್ರಸಾರ ಮಾಡಿತು. ಬಿಡಿ ಬಿಡಿಯಾಗಿದ್ದ ಮನೆಗಳ ದುಃಖ ಹೀಗೆ ದೇಶದ ಪ್ರಶ್ನೆಯಾಯಿತು.

ತಂದೆಯ ಆದೇಶ, ಮಗನ ಕಾಯಿಲೆ

ಇನ್ನೊಂದು ಕುಟುಂಬದ ಕಥೆ ಕೇಳಿ. ವಿಯೆಟ್ನಾಂನಲ್ಲಿ ಅಮೆರಿಕದ ನೌಕಾಪಡೆಯ ಮುಖ್ಯಸ್ಥರಾಗಿದ್ದವರು ಅಡ್ಮಿರಲ್ ಎಲ್ಮೋ ಜುಮ್ವಾಲ್ಟ್. ಹೊಳೆದಂಡೆಯ ಪೊದೆಗಳಿಂದ ತಮ್ಮ ದೋಣಿಗಳ ಮೇಲೆ ಗುಂಡು ಹಾರುವುದನ್ನು ತಪ್ಪಿಸಲು ಅಲ್ಲಿ ಕಳೆನಾಶಕ ಸಿಂಪಡಿಸಲು ಆದೇಶಿಸಿದವರು ಅವರೇ. ಅದೇ ಹೊಳೆಗಳಲ್ಲಿ ಅವರ ಮಗ ಗಸ್ತುದೋಣಿಯೊಂದರ ನಾಯಕನಾಗಿದ್ದ. ಮುಂದೆ ಮಗನಿಗೆ ದುಗ್ಧಗ್ರಂಥಿಗಳ ಕ್ಯಾನ್ಸರ್ ಬಂತು. 1988ರಲ್ಲಿ 42ನೇ ವಯಸ್ಸಿನಲ್ಲಿ ತೀರಿಕೊಂಡ. ಮೊಮ್ಮಗ ಹುಟ್ಟಿನಿಂದಲೇ ಕಲಿಕೆಯ ತೀವ್ರ ತೊಂದರೆ ಹೊತ್ತು ಬಂದಿದ್ದ. ತಂದೆ ಮಗ ಇಬ್ಬರೂ ಸೇರಿ 1986ರಲ್ಲಿ ಈ ಅನುಭವವನ್ನು ಪುಸ್ತಕವಾಗಿ ಬರೆದರು. ಸಿಂಪಡಣೆಯಿಂದ ಅನೇಕ ಸೈನಿಕರ ಜೀವ ಉಳಿಯಿತೆಂಬ ಮಾತನ್ನು ಅಡ್ಮಿರಲ್ ಕೊನೆಯವರೆಗೂ ಬಿಡಲಿಲ್ಲ. ಆದರೆ ರೋಗಪೀಡಿತ ಸೈನಿಕರಿಗೆ ನ್ಯಾಯ ಸಿಗಬೇಕೆಂದು ಹೋರಾಡಿದವರಲ್ಲಿ ಅವರೂ ಒಬ್ಬರು.

ವಿಜ್ಞಾನ ಏನು ಹೇಳುತ್ತದೆ?

ಇಲ್ಲಿ ನಾವು ಭಾವಾವೇಶಕ್ಕೆ ಒಳಗಾಗದೆ ವಿಚಾರ ಮಾಡಬೇಕು. ತಾಯಿಯ ದೇಹದಲ್ಲಿರುವ ಡಯಾಕ್ಸಿನ್ ಗರ್ಭದ ಮೂಲಕ, ಎದೆಹಾಲಿನ ಮೂಲಕ ಮಗುವನ್ನು ಸೇರುತ್ತದೆ, ಇದರಲ್ಲಿ ಸಂದೇಹವಿಲ್ಲ. 1970ರ ದಶಕದ ಆರಂಭದಲ್ಲೇ ವಿಯೆಟ್ನಾಂ ತಾಯಂದಿರ ಹಾಲಿನಲ್ಲಿ ಅದು ಪತ್ತೆಯಾಗಿತ್ತು. ಆದರೆ ವಿಷ ತಗುಲಿದ್ದು ತಂದೆಗೆ ಮಾತ್ರವಾದರೆ ಮಗುವಿಗೆ ತೊಂದರೆಯಾದೀತೇ? ಈ ಪ್ರಶ್ನೆಗೆ ಖಚಿತ ಉತ್ತರ ಸಿಕ್ಕಿಲ್ಲ. 1984ರ ಅಮೆರಿಕದ ಸರ್ಕಾರಿ ಅಧ್ಯಯನವೊಂದು, ಒಟ್ಟಾರೆಯಾಗಿ ವಿಯೆಟ್ನಾಂ ಸೈನಿಕರ ಮಕ್ಕಳಲ್ಲಿ ಜನ್ಮದೋಷ ಹೆಚ್ಚಿಲ್ಲ ಎಂದಿತು. ಆದರೆ ಹೆಚ್ಚು ವಿಷ ತಗುಲಿರಬಹುದಾದವರ ಮಕ್ಕಳಲ್ಲಿ ಸ್ಪೈನಾ ಬಿಫಿಡಾದ, ಅಂದರೆ ಬೆನ್ನುಮೂಳೆ ಪೂರ್ತಿ ಮುಚ್ಚಿಕೊಳ್ಳದ ದೋಷದ, ಸುಳಿವು ಅದರಲ್ಲೇ ಇತ್ತು. 1996ರಲ್ಲಿ ತಜ್ಞರ ಸಮಿತಿ ಈ ಸಂಬಂಧಕ್ಕೆ ‘ಸೀಮಿತ’ ಪುರಾವೆ ಇದೆ ಎಂದಿತು. 2016ರಲ್ಲಿ ಅಂಥ ಸಮಿತಿಯೇ ಪುರಾವೆ ಸಾಲದು ಎಂದಿತು.

ಸಾಬೀತು ಮಾಡಬೇಕಾದವರು ಯಾರು?

ಹಾಗಾದರೆ ಪುರಾವೆ ಪೂರ್ಣವಾಗುವವರೆಗೆ ರೋಗಿ ಕಾಯಬೇಕೇ? ಸೈನಿಕರು ತಯಾರಿಕಾ ಕಂಪನಿಗಳ ಮೇಲೆ ಹೂಡಿದ ದಾವೆ 1984ರಲ್ಲಿ 18 ಕೋಟಿ ಡಾಲರಿಗೆ ರಾಜಿಯಾಯಿತು. ಹಂಚಿದಾಗ ಒಬ್ಬೊಬ್ಬರಿಗೆ ಸಿಕ್ಕಿದ್ದು ಸರಾಸರಿ 3,800 ಡಾಲರ್. 1991ರ ಕಾನೂನು ಒಂದು ದೊಡ್ಡ ಬದಲಾವಣೆ ತಂದಿತು. ವಿಯೆಟ್ನಾಂನಲ್ಲಿ ಸೇವೆ ಮಾಡಿದವನಿಗೆ ವಿಷ ತಗುಲಿದೆ ಎಂದೇ ಸರ್ಕಾರ ಭಾವಿಸಬೇಕು. ಪಟ್ಟಿಯಲ್ಲಿರುವ ರೋಗ ಬಂದರೆ ಪರಿಹಾರ ಕೊಡಬೇಕು. ರುಜುವಾತಿನ ಹೊರೆ ರೋಗಿಯ ಹೆಗಲಿನಿಂದ ಇಳಿಯಿತು.

ಆದರೆ ಮಕ್ಕಳ ವಿಷಯದಲ್ಲಿ ಬಾಗಿಲು ಅರ್ಧ ಮಾತ್ರ ತೆರೆಯಿತು. 1996ರ ಕಾನೂನು ಸ್ಪೈನಾ ಬಿಫಿಡಾ ಇರುವ ಮಕ್ಕಳಿಗೆ ನೆರವು ಕೊಟ್ಟಿತು. 2000ದ ಕಾನೂನು ವಿಯೆಟ್ನಾಂನಲ್ಲಿ ದುಡಿದ ಮಹಿಳೆಯರ, ಅಂದರೆ ಹೆಚ್ಚಾಗಿ ದಾದಿಯರ, ಮಕ್ಕಳಿಗೆ ಇತರ ಜನ್ಮದೋಷಗಳಿಗೂ ನೆರವು ವಿಸ್ತರಿಸಿತು. ತಂದೆ ಮಾತ್ರ ಸೈನಿಕನಾಗಿದ್ದ ಉಳಿದ ಮಕ್ಕಳು ಹೊರಗೇ ಉಳಿದರು.

ಪೂರ್ತಿ ಮುಚ್ಚಿದ ಬಾಗಿಲು

ಇನ್ನು ವಿಯೆಟ್ನಾಂನ ಜನರ ಪಾಡೇನು? ದಕ್ಷಿಣದ ಕಾಡಿನಲ್ಲಿ ಹೋರಾಡಿ ಉತ್ತರದ ತಮ್ಮ ಹಳ್ಳಿಗಳಿಗೆ ಮರಳಿದ ಸೈನಿಕರಿಗೂ ವಿಕಲಾಂಗ ಮಕ್ಕಳು ಹುಟ್ಟಿದರು. ಆ ಹಳ್ಳಿಗಳ ಮೇಲೆ ವಿಷ ಬಿದ್ದೇ ಇರಲಿಲ್ಲ. ಇದನ್ನು ಗಮನಿಸಿ ಮೊದಲು ದನಿಯೆತ್ತಿದವರಲ್ಲಿ ಹನೋಯಿಯ ಶಸ್ತ್ರವೈದ್ಯ ತೋನ್ ಥಾಟ್ ತುಂಗ್ ಪ್ರಮುಖರು. ವಿಯೆಟ್ನಾಂನ ರೆಡ್ ಕ್ರಾಸ್ ಅಂದಾಜಿನಂತೆ ಈ ವಿಷದಿಂದ ತೊಂದರೆಗೊಳಗಾದವರು 30 ಲಕ್ಷ. ಅವರ ಪರವಾಗಿ 2004ರಲ್ಲಿ ನ್ಯೂಯಾರ್ಕಿನಲ್ಲಿ ಹೂಡಿದ ದಾವೆಯನ್ನು 2005ರಲ್ಲಿ ನ್ಯಾಯಾಲಯ ವಜಾ ಮಾಡಿತು. 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ ಮೇಲ್ಮನವಿ ಕೇಳಲು ಒಪ್ಪಲಿಲ್ಲ. ಅಮೆರಿಕದ ನೆರವಿನಿಂದ ದಾ ನಾಂಗ್ ವಿಮಾನ ನಿಲ್ದಾಣದ ಮಣ್ಣನ್ನು 2012ರಿಂದ 2018ರವರೆಗೆ ಶುದ್ಧಗೊಳಿಸಲಾಯಿತು. ಮಣ್ಣಿನಲ್ಲಿ ವಿಷವಿತ್ತೆಂದು ಒಪ್ಪಿದವರು ಮನುಷ್ಯರ ವಿಷಯಕ್ಕೆ ಬಂದಾಗ ಪುರಾವೆ ಕೇಳಿದರು!

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರು ನಾಳೆ ವೈದ್ಯರಾಗುವಿರಿ, ಕೆಲವರು ವಕೀಲರು, ಇನ್ನು ಕೆಲವರು ಸರ್ಕಾರಿ ಕಚೇರಿಯ ನೌಕರರು. ನಿಮ್ಮ ಮೇಜಿನ ಮುಂದೆ ಯಾರೋ ಒಬ್ಬಾಕೆ ಬಂದು, ದಾಖಲೆ ಇಲ್ಲದ, ಇನ್ನೂ ಸಾಬೀತಾಗದ ನೋವೊಂದನ್ನು ಹೇಳಿಕೊಳ್ಳಬಹುದು. ಅದನ್ನು ಕೂಡಲೇ ನಂಬಲೇಬೇಕೆಂದಿಲ್ಲ. ಆದರೆ ಕೇಳಿಸಿಕೊಂಡು, ದಿನಾಂಕ ಹಾಕಿ ಬರೆದಿಡಿ. ಷಿಕಾಗೋದ ಆ ಮಹಿಳೆ ಮಾಡಿದ್ದು ಅಷ್ಟೇ. ಲಕ್ಷಾಂತರ ಕುಟುಂಬಗಳ ಇತಿಹಾಸ ಅಲ್ಲಿಂದ ಶುರುವಾಯಿತು.