ರೋಗಿಯ ಮನೆಬಾಗಿಲಿಗೆ ಔಷಧದ ಜಾಹೀರಾತು: ಒಂದು ಹಕ್ಕಿನ ಇತಿಹಾಸ



ನಿಮ್ಮ ಬಂಧುಗಳು ಯಾರಾದರೂ ಅಮೆರಿಕದಲ್ಲಿದ್ದರೆ ಒಮ್ಮೆ ವಿಚಾರಿಸಿ ನೋಡಿ. ಅಲ್ಲಿ ಟಿ.ವಿ. ಹಾಕಿದರೆ ಸಾಬೂನು ಮತ್ತು ಕಾರುಗಳ ಜಾಹೀರಾತಿನ ನಡುವೆ ಸಕ್ಕರೆ ಕಾಯಿಲೆಯ ಔಷಧ, ಕೀಲುನೋವಿನ ಔಷಧ, ಖಿನ್ನತೆಯ ಔಷಧ ಒಂದರ ಹಿಂದೆ ಒಂದರಂತೆ ಬರುತ್ತವೆ. ನಗುಮುಖದ ಅಜ್ಜ ಮೊಮ್ಮಗನೊಡನೆ ಆಟವಾಡುತ್ತಾನೆ. ಕೊನೆಯಲ್ಲಿ 'ಈ ಔಷಧ ನಿಮಗೆ ಸರಿಹೊಂದುತ್ತದೆಯೇ ಎಂದು ನಿಮ್ಮ ವೈದ್ಯರನ್ನು ಕೇಳಿ' ಎಂಬ ಮಾತು ಕೇಳಿಸುತ್ತದೆ. ವಿಚಿತ್ರವೆಂದರೆ ಇವು ವೈದ್ಯರ ಚೀಟಿಯಿಲ್ಲದೆ ಯಾರೂ ಕೊಳ್ಳಲಾಗದ ಔಷಧಗಳು. ಕೊಳ್ಳಲು ತೀರ್ಮಾನಿಸುವವರು ವೈದ್ಯರು, ಜಾಹೀರಾತು ಮಾತ್ರ ರೋಗಿಗೆ!

ಶ್ರೀಮಂತ ರಾಷ್ಟ್ರಗಳ ಪೈಕಿ ಇದನ್ನು ಮುಕ್ತವಾಗಿ ಬಿಟ್ಟಿರುವುದು ಅಮೆರಿಕ ಮತ್ತು ನ್ಯೂಜಿಲೆಂಡ್ ಎರಡೇ. ಭಾರತದಲ್ಲಿ ಇದಕ್ಕೆ ಅವಕಾಶವಿಲ್ಲ. ಈ ವ್ಯತ್ಯಾಸ ಹೇಗೆ ಬಂತು? ಇದರ ಹಿಂದೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಅದರ ಒಂದು ಮುಖ್ಯ ಅಧ್ಯಾಯದಲ್ಲಿ ನಮಗೆಲ್ಲ ಚಿರಪರಿಚಿತವಾದ ಒಂದು ಸಂಸ್ಥೆಯ ಹೆಸರೂ ಬರುತ್ತದೆ.

ಗುಟ್ಟಿನ ಔಷಧಗಳ ಕಾಲ

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಪತ್ರಿಕೆಗಳು ಬಹುಮಟ್ಟಿಗೆ ಔಷಧ ಜಾಹೀರಾತಿನಿಂದಲೇ ಬದುಕುತ್ತಿದ್ದವು. ಒಂದೇ ಬಾಟಲಿ ಕ್ಷಯ, ಕ್ಯಾನ್ಸರ್, ಸ್ತ್ರೀರೋಗ ಎಲ್ಲವನ್ನೂ ವಾಸಿ ಮಾಡುತ್ತದೆಂಬ ಪ್ರಚಾರ. ಒಳಗಿದ್ದದ್ದು ಎಷ್ಟೋ ಸಲ ಮದ್ಯಸಾರ ಅಥವಾ ಅಫೀಮು. 1905ರಲ್ಲಿ ಸ್ಯಾಮುಯೆಲ್ ಹಾಪ್ಕಿನ್ಸ್ ಆಡಮ್ಸ್ ಎಂಬ ಪತ್ರಕರ್ತರು 'ಕೊಲಿಯರ್ಸ್' ವಾರಪತ್ರಿಕೆಯಲ್ಲಿ ಈ ಮೋಸವನ್ನು ಬಯಲಿಗೆಳೆದರು. ಮರುವರ್ಷ, 1906ರಲ್ಲಿ, ಶುದ್ಧ ಆಹಾರ ಮತ್ತು ಔಷಧ ಕಾಯ್ದೆ ಬಂತು. ಅಫೀಮು, ಕೊಕೇನ್, ಮದ್ಯಸಾರ ಇದ್ದರೆ ಚೀಟಿಯ ಮೇಲೆ ನಮೂದಿಸಬೇಕೆಂದು ಅದು ವಿಧಿಸಿತು. ಆದರೆ ಪತ್ರಿಕೆಯ ಜಾಹೀರಾತು ಅದರ ವ್ಯಾಪ್ತಿಗೆ ಬರಲಿಲ್ಲ.

ಮುಂದಿನ ಪ್ರತಿಯೊಂದು ಹೆಜ್ಜೆಯ ಹಿಂದೆಯೂ ಒಂದು ದುರಂತವಿತ್ತು ಎನ್ನಬಹುದು. 1937ರಲ್ಲಿ ವಿಷಕಾರಿ ದ್ರಾವಕದಲ್ಲಿ ಕಲಸಿದ ಸಲ್ಫಾ ಔಷಧವೊಂದು ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅದರ ಬೆನ್ನಲ್ಲೇ 1938ರ ಹೊಸ ಕಾಯ್ದೆ ಬಂದು, ಮಾರಾಟಕ್ಕೆ ಮುಂಚೆ ಸುರಕ್ಷತೆಯನ್ನು ತೋರಿಸಬೇಕಾಯಿತು. 1951ರಲ್ಲಿ ವೈದ್ಯರ ಚೀಟಿಗೆ ಮಾತ್ರ ಕೊಡಬೇಕಾದ ಔಷಧ ಮತ್ತು ಯಾರಾದರೂ ಕೊಳ್ಳಬಹುದಾದ ಔಷಧ ಎಂಬ ಎರಡು ವರ್ಗಗಳು ಕಾನೂನಿನಲ್ಲಿ ಸ್ಪಷ್ಟವಾದವು. ಥಾಲಿಡೊಮೈಡ್‌ನಿಂದ ಅಂಗವಿಕಲ ಶಿಶುಗಳು ಜನಿಸಿದ ಸುದ್ದಿ ಜಗತ್ತನ್ನು ನಡುಗಿಸಿದಾಗ, 1962ರಲ್ಲಿ ಚೀಟಿ ಔಷಧಗಳ ಜಾಹೀರಾತಿನ ನಿಯಂತ್ರಣ ಎಫ್.ಡಿ.ಎ. ಎಂಬ ಔಷಧ ಇಲಾಖೆಗೆ ವಹಿಸಲ್ಪಟ್ಟಿತು. ಆಗೆಲ್ಲ ಇಂತಹ ಜಾಹೀರಾತು ವೈದ್ಯರ ಪತ್ರಿಕೆಗಳಲ್ಲಿ ಮಾತ್ರ ಬರುತ್ತಿತ್ತು. ನೇರವಾಗಿ ರೋಗಿಯೊಡನೆ ಮಾತನಾಡಬೇಕೆಂದು ಕಂಪೆನಿಗಳಿಗೂ ಅನ್ನಿಸಿರಲಿಲ್ಲ.

ದೆಹಲಿಯಲ್ಲೊಂದು ಮೊಕದ್ದಮೆ

ಇನ್ನು ನಮ್ಮ ದೇಶಕ್ಕೆ ಬರೋಣ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಇಲ್ಲಿಯೂ ಪತ್ರಿಕೆಗಳ ತುಂಬ 'ಶರ್ತಿಯಾ ಇಲಾಜು'ಗಳ ಪ್ರಚಾರವಿತ್ತು. ಇದನ್ನು ತಡೆಯಲು ಸಂಸತ್ತು 1954ರಲ್ಲಿ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ (ಆಕ್ಷೇಪಾರ್ಹ ಜಾಹೀರಾತುಗಳ) ಕಾಯ್ದೆಯನ್ನು ಅಂಗೀಕರಿಸಿತು. ಕೆಲವು ರೋಗಗಳನ್ನು ವಾಸಿ ಮಾಡುತ್ತೇವೆಂದು ಸಾರ್ವಜನಿಕರಿಗೆ ಜಾಹೀರಾತು ಕೊಡುವುದು ಅಪರಾಧವಾಯಿತು. ಔಷಧ ಮಾತ್ರವಲ್ಲ, ತಾಯಿತ, ಮಂತ್ರ, ಕವಚಗಳ ಹೆಸರಿನಲ್ಲಿ ರೋಗ ಗುಣಪಡಿಸುವ ಪ್ರಚಾರವೂ ನಿಷಿದ್ಧವಾಯಿತು. ಕಾನೂನು ಯಾವ ಸಮುದಾಯದ ತಾಯಿತ ಎಂದು ನೋಡಲಿಲ್ಲ ಎಂಬುದನ್ನು ನಾವು ಗಮನಿಸಬೇಕು.

ಈ ಕಾಯ್ದೆಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರಲ್ಲಿ ಮುಂಚೂಣಿಯಲ್ಲಿದ್ದವರು ಯಾರು ಗೊತ್ತೇ? ದೆಹಲಿಯ ಲಾಲ್ ಕುವಾನ್‌ನ ಹಮ್‌ದರ್ದ್ ದವಾಖಾನಾ! ರಮಝಾನ್ ತಿಂಗಳಲ್ಲಿ ನಾವು ನೀವು ಕುಡಿಯುವ ರೂಹ್ ಅಫ್ಝಾ ಶರಬತ್ತಿನ ತಯಾರಕರು. 1906ರಲ್ಲಿ ಹಕೀಮ್ ಹಾಫಿಝ್ ಅಬ್ದುಲ್ ಮಜೀದ್ ಸ್ಥಾಪಿಸಿದ ಆ ಸಂಸ್ಥೆಯನ್ನು ಅವರ ಪುತ್ರ ಹಕೀಮ್ ಅಬ್ದುಲ್ ಹಮೀದ್ 1948ರಲ್ಲಿ ವಕ್ಫ್ ಮಾಡಿದ್ದರು. ಮುಂದೆ ಅದರ ಆದಾಯದಿಂದಲೇ ಜಾಮಿಯಾ ಹಮ್‌ದರ್ದ್‌ನಂತಹ ವಿದ್ಯಾಸಂಸ್ಥೆ ಬೆಳೆಯಿತು. ಇಂತಹ ಸಂಸ್ಥೆ ಕಟಕಟೆಗೆ ಹೋದದ್ದು ಮೋಸ ಮಾಡುವ ಹಕ್ಕನ್ನು ಕೇಳುವುದಕ್ಕಲ್ಲ. ತನ್ನ ಯುನಾನಿ ಔಷಧಗಳ ಬಗ್ಗೆ ಜನರಿಗೆ ತಿಳಿಸುವುದು ವಾಕ್ ಸ್ವಾತಂತ್ರ್ಯ, ಅದನ್ನು ತಡೆಯುವುದು ಸಂವಿಧಾನ ವಿರೋಧಿ ಎಂಬುದು ಅದರ ವಾದ.

1959ರ ಡಿಸೆಂಬರ್ 18ರಂದು ತೀರ್ಪು ಹೊರಬಿತ್ತು. ನ್ಯಾಯಮೂರ್ತಿ ಜೆ.ಎಲ್. ಕಪೂರ್ ಬರೆದ ಆ ತೀರ್ಪಿನ ಸಾರಾಂಶವಿಷ್ಟು: ಜಾಹೀರಾತು ಒಂದು ಬಗೆಯ ಮಾತು ನಿಜ. ಆದರೆ ಅದರ ಗುರಿ ಯಾವುದು ಎಂದು ನೋಡಬೇಕು. ವ್ಯಾಪಾರಕ್ಕಾಗಿ, ಅದರಲ್ಲೂ ಔಷಧ ಮಾರುವುದಕ್ಕಾಗಿ ಮಾಡುವ ಪ್ರಚಾರ ವಿಚಾರ ಪ್ರಚಾರವಲ್ಲ. ಜನರು ತಾವೇ ಮದ್ದು ಮಾಡಿಕೊಂಡು ಕೆಡುವುದನ್ನು ತಡೆಯುವುದೇ ಈ ಕಾಯ್ದೆಯ ಉದ್ದೇಶ. ಹೀಗೆ ಕಾಯ್ದೆ ಮುಖ್ಯವಾಗಿ ಉಳಿಯಿತು. ಆದರೆ ಹಮ್‌ದರ್ದ್ ಪೂರ್ತಿ ಸೋಲಲಿಲ್ಲ. ಯಾವ ರೋಗವನ್ನು ಬೇಕಾದರೂ ಪಟ್ಟಿಗೆ ಸೇರಿಸುವ ಕಡಿವಾಣವಿಲ್ಲದ ಅಧಿಕಾರ ಸರ್ಕಾರಕ್ಕೆ ಸಲ್ಲದೆಂದು ನ್ಯಾಯಾಲಯ ಆ ಭಾಗವನ್ನು ರದ್ದುಗೊಳಿಸಿತು. 1963ರ ತಿದ್ದುಪಡಿಯಿಂದ ಈ ಲೋಪ ಸರಿಯಾಗಿ, 54 ರೋಗಗಳ ಪಟ್ಟಿ ಕಾಯ್ದೆಯೊಳಗೇ ಸೇರಿತು. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಪಾರ್ಶ್ವವಾಯು, ಮೂರ್ಛೆರೋಗ, ಕುರುಡುತನ, ಕುಷ್ಠ ಇವೆಲ್ಲ ಅದರಲ್ಲಿವೆ.

ಬೆಲೆಗಾಗಿ ಹುಟ್ಟಿದ ಹಕ್ಕು

ಅಮೆರಿಕದಲ್ಲಿ ಮಾತ್ರ ಇತಿಹಾಸ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆಯಿತು. ವರ್ಜೀನಿಯಾ ರಾಜ್ಯದಲ್ಲಿ ಮೆಡಿಕಲ್ ಶಾಪಿನವರು ಚೀಟಿ ಔಷಧಗಳ ಬೆಲೆಯನ್ನು ಜಾಹೀರಾತು ಮಾಡುವಂತಿರಲಿಲ್ಲ. ಒಂದೇ ಮಾತ್ರೆಗೆ ಒಂದು ಅಂಗಡಿಯಲ್ಲಿ ಒಂದು ಬೆಲೆ, ಇನ್ನೊಂದರಲ್ಲಿ ಅದರ ಹಲವು ಪಟ್ಟು. ಬಡವರು, ವೃದ್ಧರು ಅಂಗಡಿಯಿಂದ ಅಂಗಡಿಗೆ ಅಲೆಯಬೇಕಾಗಿತ್ತು. ಗ್ರಾಹಕರೇ ಮೊಕದ್ದಮೆ ಹೂಡಿದರು. 1976ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ವ್ಯಾಪಾರದ ಜಾಹೀರಾತಿಗೂ ವಾಕ್ ಸ್ವಾತಂತ್ರ್ಯದ ರಕ್ಷಣೆಯಿದೆ, ಬೆಲೆ ತಿಳಿಯುವುದು ರೋಗಿಯ ಹಕ್ಕು ಎಂದು ತೀರ್ಪಿತ್ತಿತು. ಅಂದರೆ ಈ ಹಕ್ಕು ಹುಟ್ಟಿದ್ದು ಕಂಪೆನಿಗಾಗಿ ಅಲ್ಲ, ಬಡ ರೋಗಿಗಾಗಿ. ಈ ಅಂಶವನ್ನು ನೀವು ನೆನಪಿಡಬೇಕು.

1981ರಲ್ಲಿ 'ರೀಡರ್ಸ್ ಡೈಜೆಸ್ಟ್' ಮಾಸಿಕದಲ್ಲಿ ನ್ಯುಮೋನಿಯಾ ಲಸಿಕೆಯ ಜಾಹೀರಾತು ಬಂತು. 1983ರಲ್ಲಿ ಟಿ.ವಿ.ಯಲ್ಲಿ ಕಾಣಿಸಿಕೊಂಡ ಮೊದಲ ಚೀಟಿ ಔಷಧದ ಜಾಹೀರಾತು, ನಮ್ಮ ನೋವಿನ ಮಾತ್ರೆಗೆ ಬೆಲೆ ಕಡಿಮೆ ಎಂದಿತು. ಈ ಎರಡರಲ್ಲೂ ಜನರಿಗೆ ಉಪಯೋಗವಾಗುವ ಮಾಹಿತಿ ಇತ್ತೆಂದು ಒಪ್ಪಲೇಬೇಕು. ಆದರೆ ಅದೇ ಸುಮಾರಿಗೆ, 1982ರಲ್ಲಿ, ಒರಾಫ್ಲೆಕ್ಸ್ ಎಂಬ ಕೀಲುನೋವಿನ ಔಷಧ ಭಾರಿ ಪ್ರಚಾರದೊಂದಿಗೆ ಮಾರುಕಟ್ಟೆಗೆ ಬಂದು, ಸಾವುಗಳ ವರದಿಯ ನಂತರ ಕೆಲವೇ ತಿಂಗಳಲ್ಲಿ ಹಿಂತೆಗೆದುಕೊಳ್ಳಲ್ಪಟ್ಟಿತ್ತು. ಎಚ್ಚೆತ್ತ ಎಫ್.ಡಿ.ಎ. 1983ರಲ್ಲಿ ಇಂತಹ ಜಾಹೀರಾತು ನಿಲ್ಲಿಸುವಂತೆ ಕಂಪೆನಿಗಳನ್ನು ಕೋರಿತು. 1985ರಲ್ಲಿ ಆ ತಡೆ ತೆರವಾಯಿತು. ಅಡ್ಡಪರಿಣಾಮಗಳ ಉದ್ದನೆಯ ಪಟ್ಟಿ ಕೊಡಲೇಬೇಕೆಂಬ ನಿಯಮದಿಂದಾಗಿ ಟಿ.ವಿ. ಮಾತ್ರ ಇನ್ನೂ ದೂರವಿತ್ತು. 1997ರಲ್ಲಿ ಅದೂ ಸಡಿಲವಾಯಿತು. ಮುಖ್ಯ ಅಪಾಯಗಳನ್ನು ಹೇಳಿ, ಉಳಿದದ್ದಕ್ಕೆ ದೂರವಾಣಿ ಸಂಖ್ಯೆ ಅಥವಾ ಅಂತರಜಾಲದ ವಿಳಾಸ ತೋರಿಸಿದರೆ ಸಾಕೆಂದಾಯಿತು. ಆ ವರ್ಷ ಸುಮಾರು 110 ಕೋಟಿ ಡಾಲರ್ ಇದ್ದ ಇಂತಹ ಜಾಹೀರಾತಿನ ವೆಚ್ಚ 2005ರ ವೇಳೆಗೆ 420 ಕೋಟಿ ಡಾಲರಿಗೆ ಏರಿತು.

ವಯಾಕ್ಸ್ ಕಲಿಸಿದ ಪಾಠ

1999ರಲ್ಲಿ ವಯಾಕ್ಸ್ ಎಂಬ ನೋವಿನ ಮಾತ್ರೆ ಬಂತು. 2000ನೇ ಇಸವಿಯಲ್ಲಿ ಇದರ ಪ್ರಚಾರಕ್ಕೆ ಸುಮಾರು 16 ಕೋಟಿ ಡಾಲರ್ ಖರ್ಚಾಯಿತು. ಪೆಪ್ಸಿ ಪಾನೀಯಕ್ಕೂ ಆ ವರ್ಷ ಅಷ್ಟು ಜಾಹೀರಾತು ಇರಲಿಲ್ಲ! ಹೊಟ್ಟೆಗೆ ತೊಂದರೆಯಾಗುವ ಕೆಲವರಿಗೆ ಉಪಯುಕ್ತವಾಗಬಹುದಾಗಿದ್ದ ಮಾತ್ರೆಯನ್ನು ಲಕ್ಷಾಂತರ ಜನ ಸಾಮಾನ್ಯ ನೋವಿಗೂ ಕೇಳಿ ಪಡೆದರು. ಅದೇ ವರ್ಷ ಪ್ರಕಟವಾದ ಅಧ್ಯಯನವೊಂದರಲ್ಲಿ ಹಳೆಯ ಮಾತ್ರೆಗಿಂತ ಇದನ್ನು ನುಂಗಿದವರಲ್ಲಿ ಹೃದಯಾಘಾತ ಹೆಚ್ಚು ಕಂಡಿತ್ತು. ಆದರೂ ಪ್ರಚಾರ ನಿಲ್ಲಲಿಲ್ಲ. 2004ರ ಸೆಪ್ಟೆಂಬರ್ 30ರಂದು ತಯಾರಕರಾದ ಮರ್ಕ್ ಕಂಪೆನಿ ಅದನ್ನು ವಾಪಸು ಪಡೆಯಿತು. ತಪ್ಪು ಒಪ್ಪಿಕೊಳ್ಳದೆಯೇ 2007ರಲ್ಲಿ 485 ಕೋಟಿ ಡಾಲರ್ ಕೊಟ್ಟು ಸಾವಿರಾರು ದಾವೆಗಳನ್ನು ಮುಗಿಸಿಕೊಂಡಿತು.

ಇಷ್ಟು ಹೇಳಿ, ನಮ್ಮ ದೇಶದಲ್ಲಿ ಜಾಹೀರಾತಿಲ್ಲ, ನಾವು ಕ್ಷೇಮ ಎಂದು ಸುಮ್ಮನಾಗುವಂತಿಲ್ಲ. ಅದೇ ಔಷಧ ರೋಫೆಕಾಕ್ಸಿಬ್ ಎಂಬ ಮೂಲನಾಮದಲ್ಲಿ ಭಾರತದಲ್ಲೂ ಮಾರಾಟವಾಗುತ್ತಿತ್ತು. 2004ರ ಡಿಸೆಂಬರಿನಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಇಲ್ಲಿ ಟಿ.ವಿ. ಜಾಹೀರಾತು ಇರಲಿಲ್ಲ. ಕಂಪೆನಿಯ ಪ್ರತಿನಿಧಿಗಳು ಚೀಲ ಹಿಡಿದು ವೈದ್ಯರ ಬಾಗಿಲಿಗೆ ಹೋಗುವ ಪದ್ಧತಿಯಂತೂ ಇದ್ದೇ ಇತ್ತು.

ಎದುರು ವಾದವನ್ನೂ ಕೇಳೋಣ

ಜಾಹೀರಾತಿನ ಪರವಾಗಿರುವವರ ವಾದವೇನು? ರೋಗಿ ಅಜ್ಞಾನಿಯಾಗಿರಬಾರದು, ನಾಚಿಕೆಯಿಂದ ಮುಚ್ಚಿಟ್ಟ ರೋಗವನ್ನು ಧೈರ್ಯವಾಗಿ ಹೇಳಿಕೊಳ್ಳಲಿ ಎಂಬುದು. ಇದನ್ನು ತಳ್ಳಿಹಾಕುವಂತಿಲ್ಲ. 2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಂಶೋಧನೆಯಲ್ಲಿ, ತರಬೇತಿ ಪಡೆದ ನಟಿಯರು ರೋಗಿಗಳಂತೆ 152 ವೈದ್ಯರ ಬಳಿಗೆ ಒಟ್ಟು 298 ಸಲ ಹೋದರು. ತೀವ್ರ ಖಿನ್ನತೆಯಿದೆ ಎಂದವರಲ್ಲಿ ಏನೂ ಕೇಳದವರ ಪೈಕಿ ಶೇ. 31 ಮಂದಿಗೆ ಮಾತ್ರ ಔಷಧ ಸಿಕ್ಕಿತು. ಯಾವುದಾದರೂ ಔಷಧ ಕೊಡಿ ಎಂದವರಲ್ಲಿ ಶೇ. 76 ಮಂದಿಗೆ ಸಿಕ್ಕಿತು. ಕೇಳಿದ್ದರಿಂದ ಲಾಭವಾಯಿತು. ಆದರೆ ಔಷಧದ ಅಗತ್ಯ ಅಷ್ಟಾಗಿ ಇಲ್ಲದ ಸಾಧಾರಣ ಮನೋಕ್ಲೇಶ ಹೇಳಿಕೊಂಡವರಲ್ಲಿ ಏನೂ ಕೇಳದವರ ಪೈಕಿ ಶೇ. 10 ಮಂದಿಗೆ ಔಷಧ ಬರೆದುಕೊಟ್ಟಿದ್ದರೆ, ಟಿ.ವಿ.ಯಲ್ಲಿ ನೋಡಿದ್ದೆನೆಂದು ಬ್ರಾಂಡಿನ ಹೆಸರು ಹಿಡಿದು ಕೇಳಿದವರಲ್ಲಿ ಶೇ. 55 ಮಂದಿಗೆ ಬರೆದುಕೊಟ್ಟಿದ್ದರು!

ಇದರಿಂದ ತಿಳಿಯುವುದೇನು? ರೋಗಿ ಬಾಯಿಬಿಟ್ಟು ಕೇಳುವುದು ಒಳ್ಳೆಯದು. ಆದರೆ ಏನನ್ನು ಕೇಳಬೇಕೆಂದು ಮಾರುವವನೇ ಹೇಳಿಕೊಡುವುದು ಒಳ್ಳೆಯದಲ್ಲ.

ಈ ಮಾತಿಗೆ ಇತಿಹಾಸವೇ ಒಂದು ಸಾಕ್ಷಿಯನ್ನು ಒದಗಿಸಿದೆ. ಟಿ.ವಿ. ಜಾಹೀರಾತಿನಲ್ಲಿ ಔಷಧದ ಬೆಲೆಯನ್ನೂ ತೋರಿಸಬೇಕೆಂದು ಅಮೆರಿಕದ ಸರ್ಕಾರ 2019ರಲ್ಲಿ ನಿಯಮ ಮಾಡಿತು. ಆಗ ದೊಡ್ಡ ಕಂಪೆನಿಗಳು ನ್ಯಾಯಾಲಯದ ಮೆಟ್ಟಿಲೇರಿದವು. ಇಂತಹ ನಿಯಮ ಮಾಡುವ ಅಧಿಕಾರ ಇಲಾಖೆಗಿಲ್ಲವೆಂದು ನ್ಯಾಯಾಲಯ ಅದನ್ನು ರದ್ದುಪಡಿಸಿತು. 1976ರಲ್ಲಿ ಬೆಲೆ ಹೇಳಲೆಂದು ಹುಟ್ಟಿದ ಹಕ್ಕಿನಿಂದ ಬೆಳೆದ ಉದ್ಯಮ, 43 ವರ್ಷಗಳ ನಂತರ ಬೆಲೆ ಹೇಳಲಾರೆವೆಂದು ವಾದಿಸಿ ಗೆದ್ದಿತು! ಅಮೆರಿಕದ ವೈದ್ಯರ ಸಂಘ 2015ರಲ್ಲೇ ಇಂತಹ ಜಾಹೀರಾತುಗಳ ನಿಷೇಧಕ್ಕೆ ಕರೆ ಕೊಟ್ಟಿತ್ತು. 2025ರ ಸೆಪ್ಟೆಂಬರಿನಲ್ಲಿ ಎಫ್.ಡಿ.ಎ. ಕೂಡ 1997ರ ಸಡಿಲಿಕೆಯನ್ನು ಹಿಂಪಡೆಯುವ ಪ್ರಕ್ರಿಯೆ ಆರಂಭಿಸುವುದಾಗಿ ಪ್ರಕಟಿಸಿತು.

ನಮ್ಮ ಮುಂದಿರುವ ಕರ್ತವ್ಯ

ನಮ್ಮಲ್ಲಿಯೂ ಕಾನೂನು ನಿಂತ ನೀರಲ್ಲ. 1995ರಲ್ಲಿ ಟಾಟಾ ಪ್ರೆಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ವ್ಯಾಪಾರದ ಜಾಹೀರಾತೂ ವಾಕ್ ಸ್ವಾತಂತ್ರ್ಯದ ಭಾಗವೆಂದು ಒಪ್ಪಿತು. ಆದರೂ ಮೋಸದ ಜಾಹೀರಾತಿಗೆ ಆ ರಕ್ಷಣೆ ದೊರೆಯಲಿಲ್ಲ. 2015ರಲ್ಲಿ ಚೀಟಿ ಔಷಧಗಳನ್ನು ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಜಾಹೀರಾತು ಮಾಡುವಂತಿಲ್ಲವೆಂಬ ನಿಯಮವೂ ಸೇರಿತು. ಕಾನೂನಿದೆ, ಆದರೆ ಮೊಬೈಲಿಗೆ ಬರುವ 'ಸಕ್ಕರೆ ಕಾಯಿಲೆ ಬುಡಸಮೇತ ವಾಸಿ' ಎಂಬ ಸಂದೇಶವನ್ನು ಯಾವ ಇನ್ಸ್‌ಪೆಕ್ಟರ್ ತಡೆಯುತ್ತಾನೆ? ಅದನ್ನು ನಂಬಿ ಇನ್ಸುಲಿನ್ ನಿಲ್ಲಿಸಿದವರ ಗತಿಯೇನು?

ಆದ್ದರಿಂದ ಚೀಟಿ ಔಷಧಗಳ ಜಾಹೀರಾತು ನೇರವಾಗಿ ಜನರಿಗೆ ಬೇಡ ಎಂಬುದೇ ಈ ಲೇಖಕನ ಅಭಿಪ್ರಾಯ. ಆದರೆ ಜಾಹೀರಾತು ಬೇಡ ಎಂದರೆ ಮಾಹಿತಿ ಬೇಡ ಎಂದರ್ಥವಲ್ಲ. ಮಾಹಿತಿ ಇಲ್ಲದ ಜಾಗದಲ್ಲಿಯೇ ಸುಳ್ಳು ಬಂದು ಕೂರುತ್ತದೆ. ಮಾರಾಟದಿಂದ ಲಾಭವಿಲ್ಲದವರು ಆ ಜಾಗವನ್ನು ತುಂಬಬೇಕು. ನಮ್ಮಂತಹ ವಿದ್ಯಾಸಂಸ್ಥೆಗಳಿಗೆ ಇದು ಅಸಾಧ್ಯವೇ? ಸಂಸ್ಥೆ ವರ್ಷಕ್ಕೊಮ್ಮೆ ಏರ್ಪಡಿಸುವ ಆರೋಗ್ಯ ಶಿಬಿರದಲ್ಲಿ ಮಾತ್ರೆ ಹಂಚಿ ಕಳಿಸುವುದರ ಜೊತೆಗೆ, ಈ ಮಾತ್ರೆ ಯಾವುದಕ್ಕೆ, ಎಷ್ಟು ದಿನ, ಇದರ ಮೂಲನಾಮವೇನು, ಇದೇ ಔಷಧ ಕಡಿಮೆ ಬೆಲೆಗೆ ಸಿಗುತ್ತದೆಯೇ ಎಂದು ವೈದ್ಯರನ್ನು ಕೇಳಲು ನಮ್ಮ ತಾಯಂದಿರಿಗೆ ಕಲಿಸಬಹುದಲ್ಲವೇ?

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ವೈದ್ಯರಾಗುತ್ತೀರಿ, ಕೆಲವರು ಮೆಡಿಕಲ್ ಶಾಪ್ ಇಡುತ್ತೀರಿ, ಕೆಲವರು ವಕೀಲರಾಗುತ್ತೀರಿ, ಯಾರೋ ಒಬ್ಬರು ಜಾಹೀರಾತು ಬರೆಯುವ ಕೆಲಸಕ್ಕೂ ಸೇರಬಹುದು. ಎಲ್ಲರ ಎದುರಿಗೂ ಒಂದು ದಿನ ನೋವಿನಿಂದ, ಭಯದಿಂದ ಒಬ್ಬ ರೋಗಿ ನಿಲ್ಲುತ್ತಾನೆ. ಭಯದಲ್ಲಿರುವವನು ಬೆಲೆ ಕೇಳುವುದಿಲ್ಲ, ಅಡ್ಡಪರಿಣಾಮ ಕೇಳುವುದಿಲ್ಲ, ಹೇಳಿದ್ದನ್ನೆಲ್ಲ ನಂಬುತ್ತಾನೆ. ಅವನು ಕೇಳದಿದ್ದರೂ ಅವನ್ನು ಹೇಳುವುದು ನಿಮ್ಮ ಕರ್ತವ್ಯ. ಇಂದು ಮನೆಗೆ ಹೋದ ಮೇಲೆ ನಿಮ್ಮ ಅಜ್ಜಿಯ ಔಷಧದ ಡಬ್ಬಿ ತೆರೆದು ನೋಡಿ. ಒಂದೊಂದು ಮಾತ್ರೆಯೂ ಏಕೆ ಎಂದು ಅವರಿಗೆ ಗೊತ್ತಿದೆಯೇ ಎಂದು ಕೇಳಿ. ಗೊತ್ತಿಲ್ಲದಿದ್ದರೆ, ಮುಂದಿನ ಸಲ ಡಾಕ್ಟರ ಬಳಿಗೆ ಅವರ ಜೊತೆಯಲ್ಲಿ ನೀವೂ ಹೋಗಿ.