ಜನಪದ ವೈದ್ಯದಲ್ಲಿ ಪ್ರಮಾಣದ ಪ್ರಶ್ನೆ: ಹೃದಯ ಮತ್ತು ರಕ್ತನಾಳದ ಔಷಧಿಗಳನ್ನು ಕುರಿತು

ಪಾಲಾರ್ ನದಿಯ ದಂಡೆಯ ಬೇತಮಂಗಲವು ವಿಜಯಾದಿತ್ಯಮಂಗಲವೆಂಬ ಹಳೆಯ ಹೆಸರಿನಿಂದ ಶಾಸನಗಳಲ್ಲಿ ಕಾಣಿಸಿಕೊಳ್ಳುವ ಪ್ರಾಚೀನ ಊರು. ಹಿಂದೆ ಬಂಗಾರಪೇಟೆ ತಾಲ್ಲೂಕಿಗೆ ಸೇರಿದ್ದು ಇಂದು ಕೆ.ಜಿ.ಎಫ್. ತಾಲ್ಲೂಕಿನಲ್ಲಿರುವ ಈ ಹೋಬಳಿಯ ಕೆರೆಯ ನೀರು ಚಿನ್ನದ ಗಣಿಯ ಊರುಗಳ ದಾಹವನ್ನು ತಣಿಸಿದೆ. ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತುಗಳಾಗಿರುವ ಈ ಸೀಮೆಯಲ್ಲಿ ವೈದ್ಯಪದ್ಧತಿಗಳೂ ಒಂದರ ಪಕ್ಕದಲ್ಲಿ ಮತ್ತೊಂದು ಬಾಳಿಕೊಂಡು ಬಂದಿವೆ. ನಾಟಿವೈದ್ಯರ ಬೇರು, ಗ್ರಂದಿಗೆ ಅಂಗಡಿಯ ಪೊಟ್ಟಣ, ಗಣಿ ಆಸ್ಪತ್ರೆಯ ಮಾತ್ರೆ ಇವು ಒಂದೇ ಮನೆಯ ಗೂಡಿನಲ್ಲಿ ಇರುತ್ತಿದ್ದವು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಕಂಪನಿಯ ಆಸರೆ ತಪ್ಪಿತು. ಬೇರು ಮತ್ತು ಮಾತ್ರೆಗಳ ನಡುವಣ ಆಯ್ಕೆ ಮನೆಮನೆಯ ಹೊಣೆಯಾಯಿತು.

ಈ ಆಯ್ಕೆಯಲ್ಲಿ ಜಾನಪದ ಅಧ್ಯಯನಕ್ಕೂ ಒಂದು ಪಾತ್ರವಿದೆ. ಜನಪದ ವೈದ್ಯವನ್ನು ಕುರಿತ ನಮ್ಮ ಸಂಗ್ರಹಗಳ ನಮೂದು ಸಾಮಾನ್ಯವಾಗಿ ಮೂರು ಅಂಗಗಳದ್ದು: ಕಾಯಿಲೆ, ಗಿಡ, ಬಳಸುವ ಕ್ರಮ. ಯಾರಿಗೆ ಗುಣವಾಯಿತು, ಯಾರಿಗೆ ಆಗಲಿಲ್ಲ ಎಂಬ ನಾಲ್ಕನೆಯ ಅಂಗ ಅವುಗಳಲ್ಲಿ ಅಪರೂಪ. ನಂಬಿಕೆಯ ದಾಖಲೆಯಾಗಿ ಇಂಥ ನಮೂದು ಸರಿಯೇ. ಆದರೆ ಅದು ಅಚ್ಚಾಗಿ ಗ್ರಂಥಾಲಯ ಸೇರಿದ ಮೇಲೆ ಓದುಗರಿಗೆ ಚಿಕಿತ್ಸೆಯ ಪುರಾವೆಯಾಗಿ ಕಾಣತೊಡಗುತ್ತದೆ. ನಂಬಿಕೆಯ ದಾಖಲೆಗೂ ಗುಣದ ಪುರಾವೆಗೂ ಇರುವ ಅಂತರವನ್ನು ಹೃದಯ ಮತ್ತು ರಕ್ತನಾಳದ ಕೆಲವು ಔಷಧಿಗಳ ಇತಿಹಾಸದ ಮೂಲಕ ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ವಿದರಿಂಗ್‌ನ ಮಾದರಿ

ಹೃದ್ರೋಗ ಚಿಕಿತ್ಸೆಯ ಇತಿಹಾಸದಲ್ಲಿ ಜನಪದ ಮೂಲದ ಪ್ರಸಿದ್ಧ ನಿದರ್ಶನ ಇಂಗ್ಲೆಂಡಿನದು. 1775ರಲ್ಲಿ ವಿಲಿಯಂ ವಿದರಿಂಗ್ ಎಂಬ ವೈದ್ಯನ ಮುಂದೆ ಶ್ರಾಪ್‌ಷೈರಿನ ಮುದುಕಿಯೊಬ್ಬಳ ಮನೆಮದ್ದಿನ ವಿಚಾರ ಬಂದಿತು. ಮೈಯಲ್ಲಿ ನೀರು ತುಂಬಿ ಬಾತುಕೊಳ್ಳುವ ರೋಗಕ್ಕೆ ಅವಳು ಕೊಡುತ್ತಿದ್ದ ಔಷಧಿಯಲ್ಲಿ ಇಪ್ಪತ್ತಕ್ಕೂ ಮಿಕ್ಕ ಮೂಲಿಕೆಗಳಿದ್ದವು. ಅವುಗಳಲ್ಲಿ ಕೆಲಸ ಮಾಡುತ್ತಿದ್ದುದು ಫಾಕ್ಸ್‌ಗ್ಲವ್ ಎಂಬ ಗಿಡವೆಂದು ವಿದರಿಂಗ್ ಗುರುತಿಸಿದ. ಆದರೆ ಅವನ ಹೆಚ್ಚಿನ ಸಾಧನೆ 1785ರಲ್ಲಿ ಹೊರತಂದ ಗ್ರಂಥದ ಕ್ರಮದಲ್ಲಿದೆ. ಗೆದ್ದ ಪ್ರಕರಣಗಳನ್ನಷ್ಟೇ ಆರಿಸಿಕೊಟ್ಟಿದ್ದರೆ ಔಷಧಿಗೂ ತನಗೂ ಕೀರ್ತಿ ಬರುತ್ತಿತ್ತೆಂದು ಬಲ್ಲವನಾಗಿಯೂ ಅವನು ಸೋತ ಪ್ರಕರಣಗಳನ್ನೂ ವಿಷವೇರಿದ ಪ್ರಕರಣಗಳನ್ನೂ ಬಿಡದೆ ಬರೆದಿಟ್ಟ.

ಈ ಗಿಡದ ಕುಲದಿಂದಲೇ ದೊರೆತ ಸಾರವಾದ ಡಿಜಾಕ್ಸಿನ್ ಹೃದಯ ವೈಫಲ್ಯದಲ್ಲಿ ಆಯುಸ್ಸನ್ನು ಹೆಚ್ಚಿಸುತ್ತದೆಯೇ ಎಂಬುದಕ್ಕೆ ಸ್ಪಷ್ಟ ಉತ್ತರ ದೊರೆತದ್ದು ಎರಡು ಶತಮಾನಗಳ ತರುವಾಯ. 1997ರಲ್ಲಿ ಪ್ರಕಟವಾದ, ಅಮೆರಿಕ ಮತ್ತು ಕೆನಡಾಗಳ 6,800 ರೋಗಿಗಳ ಅಧ್ಯಯನದಲ್ಲಿ ಡಿಜಾಕ್ಸಿನ್ ಪಡೆದವರಿಗೂ ಹುಸಿಮಾತ್ರೆ ಪಡೆದವರಿಗೂ ಸಾವಿನ ಪ್ರಮಾಣದಲ್ಲಿ ಭೇದವಿರಲಿಲ್ಲ. ಹೃದಯ ವೈಫಲ್ಯಕ್ಕಾಗಿ ಆಸ್ಪತ್ರೆ ಸೇರುವುದು ಮಾತ್ರ ಕಡಿಮೆಯಾಗಿತ್ತು. ಔಷಧಿಗೆ ಗುಣವಿತ್ತು, ಆದರೆ ಅದು ಜನ ಆರೋಪಿಸಿದಷ್ಟು ದೊಡ್ಡ ಗುಣವಾಗಿರಲಿಲ್ಲ.

2. ಸರ್ಪಗಂಧಿಯ ಎರಡು ಖ್ಯಾತಿಗಳು

ನಮ್ಮ ದೇಶದಲ್ಲಿ ಇದಕ್ಕೆ ಸಮನಾದ ಕಥನ ಸರ್ಪಗಂಧಿಯದು. ಸೂತ್ರನಾಭಿ ಎಂದೂ ಕರೆಯಲಾಗುವ ಈ ಗಿಡ ತೇವಾಂಶವುಳ್ಳ ಕಾಡಿನದು, ಕೋಲಾರದ ಬಯಲುಸೀಮೆಯದಲ್ಲ. ಈ ಭಾಗದ ಮನೆಗಳಿಗೆ ಅದು ಬರುವುದು ಗ್ರಂದಿಗೆ ಅಂಗಡಿಯ ಒಣಬೇರಾಗಿ. ‘ನಮ್ಮ ನೆಲದ ಮದ್ದು’ ಎಂಬ ಮಾತಿನ ಹಿಂದೆಯೂ ದೂರದ ವ್ಯಾಪಾರವಿರುತ್ತದೆ ಎಂಬುದು ಇಲ್ಲಿ ಗಮನಾರ್ಹ.

ಜನಪದದಲ್ಲಿ ಈ ಬೇರಿನ ಮೊದಲ ಖ್ಯಾತಿ ಹಾವಿನ ಕಡಿತಕ್ಕೆ ಸಂಬಂಧಿಸಿದ್ದು. ಹಾವುಗಳಲ್ಲಿ ಬಹುಪಾಲು ವಿಷರಹಿತವಾದವು; ವಿಷದ ಹಾವು ಕಚ್ಚಿದಾಗಲೂ ಪ್ರತಿಸಲ ವಿಷ ಇಳಿಯುವುದಿಲ್ಲ. ಆದುದರಿಂದ ಯಾವ ಬೇರನ್ನು ಅರೆದು ಕೊಟ್ಟರೂ ಹೆಚ್ಚಿನವರು ಬದುಕುತ್ತಾರೆ, ಬದುಕಿದವರು ಬೇರನ್ನು ಹೊಗಳುತ್ತಾರೆ. ಸತ್ತವರ ಸಾಕ್ಷ್ಯ ಸಂಗ್ರಹಕಾರನನ್ನು ತಲುಪುವುದೇ ಇಲ್ಲ.

ಎರಡನೆಯ ಖ್ಯಾತಿ ಬುದ್ಧಿಭ್ರಮಣೆಯನ್ನು ಶಮನಗೊಳಿಸುವುದು. ಬಿಹಾರ ಮತ್ತು ಉತ್ತರ ಪ್ರದೇಶಗಳಲ್ಲಿ ಇದು ಹುಚ್ಚಿನ ಮದ್ದೆಂದೇ ಹೆಸರಾಗಿತ್ತು. ರಕ್ತದ ಒತ್ತಡಕ್ಕೆ ದಾರಿ ತೆರೆದದ್ದು ಇದೇ ಖ್ಯಾತಿ. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ಈ ಬೇರು ಬುದ್ಧಿಭ್ರಮಣೆಯ ಜೊತೆಗೆ ಏರಿದ ರಕ್ತದ ಒತ್ತಡವನ್ನೂ ತಗ್ಗಿಸುತ್ತದೆಂದು ಬರೆದರು. ಅದೇ ವರ್ಷ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಮತ್ತು ರಫತ್ ಹುಸೇನ್ ಸಿದ್ದೀಕಿ ಅವರು ಬೇರಿನ ಸಾರಗಳನ್ನು ಬೇರ್ಪಡಿಸಿದರು. ಅವುಗಳಲ್ಲಿ ಒಂದಕ್ಕೆ ಹಕೀಮ್ ಅಜ್ಮಲ್ ಖಾನರ ನೆನಪಿಗೆ ಅಜ್ಮಲಿನ್ ಎಂದು ಹೆಸರಿಟ್ಟರು. ಇದು ಹೃದಯದ ಲಯಕ್ಕೆ ಸಂಬಂಧಿಸಿದ ಒಂದು ಬಗೆಯ ರೋಗವನ್ನು ಪತ್ತೆಹಚ್ಚಲು ಇಂದಿಗೂ ಬಳಕೆಯಲ್ಲಿದೆ. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲ್ ಅವರು 50 ರೋಗಿಗಳ ಮೇಲಿನ ಪ್ರಯೋಗದ ವರದಿಯನ್ನು ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಪ್ರಕಟಿಸಿದರು. ಬಹುಮಂದಿಯ ಒತ್ತಡ ಇಳಿದಿತ್ತು. ಜಗತ್ತಿನ ಗಮನ ಇತ್ತ ಹರಿಯಿತು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು.

ಆದರೆ ಒತ್ತಡದ ಅಂಕಿ ಇಳಿಯುವುದು ಬೇರೆ, ರೋಗಿ ಉಳಿಯುವುದು ಬೇರೆ. ಈ ಎರಡನೆಯ ಪ್ರಶ್ನೆಗೆ ಉತ್ತರಿಸಿದ್ದು ಅಮೆರಿಕದ ಮಾಜಿ ಯೋಧರ ಆಸ್ಪತ್ರೆಗಳ ಅಧ್ಯಯನ. ಅಲ್ಲಿ ಒಂದು ಗುಂಪಿಗೆ ರೆಸರ್ಪಿನ್ ಒಳಗೊಂಡ ಮೂರು ಔಷಧಿಗಳನ್ನೂ ಇನ್ನೊಂದಕ್ಕೆ ಹುಸಿಮಾತ್ರೆಯನ್ನೂ ಕೊಡಲಾಯಿತು. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗಿತ್ತು. 1967ರ ವರದಿಯಲ್ಲಿ ತೀವ್ರ ಒತ್ತಡದ 143 ಪುರುಷರಿದ್ದರು. ಹುಸಿಮಾತ್ರೆಯ ಗುಂಪಿನಲ್ಲಿ 27 ಮಂದಿಗೆ ಗಂಭೀರ ಆಪತ್ತು ಒದಗಿದರೆ ಔಷಧಿಯ ಗುಂಪಿನಲ್ಲಿ ಇಬ್ಬರಿಗೆ ಮಾತ್ರ. ಅದಕ್ಕಿಂತ ಕಡಿಮೆ ಒತ್ತಡದ 380 ಪುರುಷರನ್ನು ಕುರಿತ 1970ರ ವರದಿಯಲ್ಲಿ ಈ ಸಂಖ್ಯೆಗಳು ಕ್ರಮವಾಗಿ 56 ಮತ್ತು 22. ರಕ್ತದ ಒತ್ತಡಕ್ಕೆ ಚಿಕಿತ್ಸೆ ಬೇಕೇ ಎಂಬ ಚರ್ಚೆಯನ್ನು ತೀರ್ಮಾನದತ್ತ ಒಯ್ದ ಈ ಪರೀಕ್ಷೆಯಲ್ಲಿ ನಮ್ಮ ಬೇರಿನ ಸಾರವೂ ಪಾಲುಗೊಂಡಿತ್ತೆಂಬುದು ಅಭಿಮಾನದ ಸಂಗತಿಯೇ. ಆದರೆ ಮೂರರಲ್ಲಿ ಅದರ ಪಾಲೆಷ್ಟೆಂಬುದನ್ನು ಈ ಅಂಕಿಗಳು ಹೇಳುವುದಿಲ್ಲ.

1974ರಲ್ಲಿ ರೆಸರ್ಪಿನ್ ಸ್ತನದ ಕ್ಯಾನ್ಸರಿಗೆ ಕಾರಣವಾಗುತ್ತದೆಂಬ ಶಂಕೆ ‘ಲ್ಯಾನ್ಸೆಟ್’ ಪತ್ರಿಕೆಯ ಮೂಲಕ ಹರಡಿತು. ನಂತರದ ಅಧ್ಯಯನಗಳು ಅದನ್ನು ಸಮರ್ಥಿಸಲಿಲ್ಲ. ಅಷ್ಟರಲ್ಲಿ ಹೊಸ ಔಷಧಿಗಳು ಮುಂದೆ ಬಂದು ಇದು ಹಿಂದೆ ಸರಿಯಿತು. 2009ರ ಕಾಕ್ರೇನ್ ಪರಾಮರ್ಶೆಯು ರೆಸರ್ಪಿನ್ ಒಂದನ್ನೇ ಹುಸಿಮಾತ್ರೆಯೊಡನೆ ಹೋಲಿಸಿದ, ಒಟ್ಟು 237 ಜನರ ನಾಲ್ಕೇ ಪ್ರಯೋಗಗಳನ್ನು ಸ್ವೀಕರಿಸಿತು. ಮೇಲಿನ ಒತ್ತಡ ಸರಾಸರಿ 8 ಮಿ.ಮೀ.ನಷ್ಟು ಇಳಿಯುತ್ತದೆ, ಸಾವು ತಪ್ಪುತ್ತದೆಯೇ ಎಂಬುದಕ್ಕೆ ಆ ಪ್ರಯೋಗಗಳಲ್ಲಿ ಆಧಾರವಿಲ್ಲ. ಮೇಲಾಗಿ ಇವೆಲ್ಲವೂ ತೂಕ ಗೊತ್ತಿರುವ ಶುದ್ಧ ಸಾರದ ಮಾತು, ಪೊಟ್ಟಣದ ಬೇರಿನದಲ್ಲ.

3. ಮತ್ತಿಯ ತೊಗಟೆ

ಹೊಳೆಯಂಚಿನಲ್ಲಿ ಬೆಳೆಯುವ ಅರ್ಜುನ ವೃಕ್ಷ ಕನ್ನಡದಲ್ಲಿ ಹೊಳೆಮತ್ತಿ, ತೆಲುಗಿನಲ್ಲಿ ತೆಲ್ಲಮದ್ದಿ. ಇದರ ತೊಗಟೆಯನ್ನು ಹೃದ್ರೋಗಕ್ಕೆ ವಾಗ್ಭಟ, ಚಕ್ರದತ್ತರು ವಿಧಿಸಿದ್ದಾರೆ. 1995ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ತೀವ್ರ ಹೃದಯ ವೈಫಲ್ಯದ 12 ರೋಗಿಗಳು ಚೇತರಿಕೆ ತೋರಿದರು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 100 ರೋಗಿಗಳಲ್ಲಿ ಹುಸಿಮಾತ್ರೆಯೊಡನೆ ಹೋಲಿಸಿ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೃದಯವು ರಕ್ತವನ್ನು ಹೊರದೂಡುವ ಶಕ್ತಿ ಹೆಚ್ಚಿರಲಿಲ್ಲ. ಹನ್ನೆರಡು ಜನರಲ್ಲಿ ಕಂಡ ಭರವಸೆ ನೂರು ಜನರಲ್ಲಿ ಕುಗ್ಗಿತು.

4. ಆಧುನಿಕ ವೈದ್ಯಕ್ಕೂ ಇದೇ ತಕ್ಕಡಿ

ಇದು ಜನಪದಕ್ಕೆ ಮಾತ್ರ ಒಡ್ಡಿದ ಪರೀಕ್ಷೆಯೆಂದು ಭಾವಿಸಬೇಕಾಗಿಲ್ಲ. ಹೃದಯಾಘಾತದ ನಂತರ ಕಾಣುವ ಹೃದಯದ ತಪ್ಪುಬಡಿತಗಳನ್ನು ಅಡಗಿಸಿದರೆ ಸಾವು ತಪ್ಪುತ್ತದೆಂದು ಆಸ್ಪತ್ರೆಯ ವೈದ್ಯರೂ ನಂಬಿದ್ದರು. ಅಮೆರಿಕದಲ್ಲಿ ನಡೆದ ಪರೀಕ್ಷೆಯ 1991ರ ವರದಿಯ ಪ್ರಕಾರ ಎನ್‌ಕೈನೈಡ್ ಅಥವಾ ಫ್ಲೆಕೈನೈಡ್ ಪಡೆದ 755 ಮಂದಿಯಲ್ಲಿ 63 ಜನ ಸತ್ತಿದ್ದರು. ಹುಸಿಮಾತ್ರೆಯ 743 ಮಂದಿಯಲ್ಲಿ 26. ತಪ್ಪುಬಡಿತ ನಿಂತಿತ್ತು, ಸಾವು ಹೆಚ್ಚಿತ್ತು.

ಅಂಕಿಗಳೂ ಮೋಸ ಮಾಡಬಲ್ಲವು ಎಂಬುದಕ್ಕೆ 1988ರ ಐಸಿಸ್–2 ಅಧ್ಯಯನ ಸಾಕ್ಷಿ. 17,187 ಹೃದಯಾಘಾತದ ರೋಗಿಗಳಲ್ಲಿ ಆಸ್ಪಿರಿನ್ ಜೀವ ಉಳಿಸುತ್ತದೆಂದು ಅದು ತೋರಿಸಿತು. ರೋಗಿಗಳನ್ನು ರಾಶಿಗಳ ಪ್ರಕಾರ ವಿಂಗಡಿಸಿದಾಗ ಮಾತ್ರ ಮಿಥುನ, ತುಲಾ ರಾಶಿಯವರಿಗೆ ಉಪಯೋಗವಿಲ್ಲವೆಂಬ ಫಲ ಬಂದಿತು. ಜ್ಯೋತಿಷ್ಯವನ್ನು ಸಾಧಿಸಲು ಅವರು ಇದನ್ನು ಅಚ್ಚು ಮಾಡಲಿಲ್ಲ. ಗುಂಪನ್ನು ಸಣ್ಣದಾಗಿ ಸೀಳುತ್ತ ಹೋದರೆ ಆಕಸ್ಮಿಕವೂ ಸತ್ಯದ ವೇಷ ತೊಡುತ್ತದೆಂದು ಎಚ್ಚರಿಸಲು ಮಾಡಿದರು.

5. ಅನುಭವ ಮತ್ತು ಯುಕ್ತಿ

ಚರಕಸಂಹಿತೆಯು ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ, ಯುಕ್ತಿ ಎಂಬ ನಾಲ್ಕು ಬಗೆಯ ಪರೀಕ್ಷೆಗಳನ್ನು ಹೇಳುತ್ತದೆ. ನಮ್ಮ ಸಂಗ್ರಹಗಳು ಬಹುಮಟ್ಟಿಗೆ ಆಪ್ತೋಪದೇಶದಲ್ಲಿಯೇ ನಿಂತಿವೆ: ಹಿರಿಯರು ಹೇಳಿದರು, ನಾವು ಬರೆದುಕೊಂಡೆವು. ಗಾಯ, ಕೆಮ್ಮು, ಅಜೀರ್ಣಗಳಲ್ಲಿ ಪ್ರತ್ಯಕ್ಷವೂ ಸ್ವಲ್ಪ ನೆರವಿಗೆ ಬರುತ್ತದೆ. ರಕ್ತದ ಒತ್ತಡದ ಸಂಗತಿ ಹಾಗಲ್ಲ. ಅದು ಬಹುತೇಕ ಯಾವ ಲಕ್ಷಣವನ್ನೂ ತೋರದೆ ವರ್ಷಗಟ್ಟಲೆ ಮೈಯಲ್ಲಿ ಇರುತ್ತದೆ. ‘ಬೇರು ತಿಂದೆ, ಹಗುರವಾಯಿತು’ ಎನ್ನುವವರ ಮಾತು ಪ್ರಾಮಾಣಿಕವಾದರೂ ಒತ್ತಡ ಇಳಿಯಿತೆಂಬುದಕ್ಕೆ ಅದು ಸಾಕ್ಷಿಯಲ್ಲ. ನೋವೇ ಇಲ್ಲದ ರೋಗದಲ್ಲಿ ನೋವು ಹೋಯಿತೆಂಬ ಪುರಾವೆಗೆ ಅರ್ಥವಿಲ್ಲ. ಆ ಮಾತನ್ನು ನಂಬಿ ಮಾತ್ರೆಯನ್ನು ಬಿಟ್ಟವರಿಗೆ ತಪ್ಪು ತಿಳಿಯುವುದು ಲಕ್ವ ಹೊಡೆದ ದಿನ.

ಆದುದರಿಂದ ಬೇತಮಂಗಲದಂಥ ಸೀಮೆಯಲ್ಲಿ ಕ್ಷೇತ್ರಕಾರ್ಯ ಮಾಡುವವರು ಪ್ರತಿ ಔಷಧಿಯೊಡನೆ ಇನ್ನೂ ಕೆಲವು ಪ್ರಶ್ನೆಗಳನ್ನು ಕೇಳುವುದು ಅವಶ್ಯ. ಬೇರನ್ನು ಎಲ್ಲಿಂದ ತಂದರು, ಎಷ್ಟು ತೂಕ? ಅದರ ಜೊತೆಗೆ ಮಾತ್ರೆಯೂ ಇತ್ತೇ? ಒತ್ತಡವನ್ನು ಯಾರಾದರೂ ಅಳೆದಿದ್ದರೇ? ಗುಣವಾಗದವರು ಯಾರು, ಅವರು ಎಲ್ಲಿಗೆ ಹೋದರು? ಇದು ನಾಟಿವೈದ್ಯರ ಮೇಲಿನ ಅವಿಶ್ವಾಸವಲ್ಲ. ಶ್ರಾಪ್‌ಷೈರಿನ ಮುದುಕಿಯ ಮದ್ದಿಗೆ ಗೌರವ ದೊರೆತದ್ದು ಅದರ ಸೋಲುಗಳನ್ನೂ ಒಬ್ಬನು ಬರೆದಿಟ್ಟಿದ್ದರಿಂದ. ನಮ್ಮ ವೈದ್ಯಪರಂಪರೆಗೂ ಅಂಥ ಗೌರವ ಸಲ್ಲಬೇಕಾದರೆ ನಮೂದಿನ ನಾಲ್ಕನೆಯ ಅಂಗವನ್ನು ಇನ್ನು ಮುಂದೆ ಖಾಲಿ ಬಿಡಲಾಗದು.